ಬಿಲ್ಟ್‌-ಇನ್ ಫಂಕ್ಷನ್: ‘ಅಂತರ್ನಿರ್ಮಿತ’ವೋ, ‘ಒಡಬಂದ’ದ್ದೋ?

ಪದಾಸಕ್ತರೆಲ್ಲರಿಗೂ ವಂದನೆಗಳು.

ವಿರಾಜಪೇಟೆ ಕಡೆಯ ನಮ್ಮ ಊರಿನಲ್ಲಿ ಶನಿವಾರ ಮಧ್ಯಾಹ್ನ ಹತ್ತು ಹನ್ನೆರಡು ಮಂದಿ ಪಿಯುಸಿ ವಿದ್ಯಾರ್ಥಿಗಳಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೊದಲ ಪಾಠಗಳನ್ನು ಹೇಳಿಕೊಡುತ್ತಿದ್ದೇನೆ. ಇವರ ಮನೆಮಾತು ಒಂದೇ ಅಲ್ಲ; ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಎಲ್ಲವೂ ಇವೆ. ಎಲ್ಲರಿಗೂ ಸಮಾನವಾಗಿ ಒದಗುವುದು ಶಾಲೆಯಲ್ಲಿ ಕಲಿತ ಕನ್ನಡವಾದ್ದರಿಂದ ಟಿಪ್ಪಣಿಗಳನ್ನು ಕನ್ನಡದಲ್ಲಿಯೇ ಬರೆಯುತ್ತೇನೆ. ಆ ಟಿಪ್ಪಣಿಗಳಲ್ಲಿ ಬಿಲ್ಟ್‌-ಇನ್ ಫಂಕ್ಷನ್ ಎಂಬುದಕ್ಕೆ, ಎಂದರೆ ಹೆಸರು ಹಿಡಿದು ಕರೆದರೆ ಒಂದು ನಿರ್ದಿಷ್ಟ ಕೆಲಸ ಮಾಡಿಕೊಡುವ, ಭಾಷೆಯ ಜೊತೆಗೇ ಬರುವ ಸಲಕರಣೆಗೆ, ರೂಢಿಯಲ್ಲಿ ಕಂಡಂತೆ, ‘ಅಂತರ್ನಿರ್ಮಿತ ಫಲನ’ ಎಂದು ಬರೆದಿದ್ದೆ. ಆ ಪದವೇ ಒಬ್ಬ ವಿದ್ಯಾರ್ಥಿಯನ್ನು ದಾರಿ ತಪ್ಪಿಸಿತೆಂದು ಈಚೆಗೆ ತಿಳಿಯಿತು. ಅದಕ್ಕೆ ತಕ್ಕ ಬದಲಿ ಪದವನ್ನು ಹುಡುಕುವುದರಲ್ಲಿ ನಿಮ್ಮ ನೆರವು ಬೇಕಾಗಿದೆ.

ಮೊದಲು ನಡೆದದ್ದನ್ನು ಹೇಳುತ್ತೇನೆ. ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಡೈರಿಯಲ್ಲಿ ಬರೆದಿಡುವ ಪದ್ಧತಿ ಇದೆ; ನೂರು ಸೆಂಟಿಗೆ ಒಂದು ಇಂಚು. ಅಭ್ಯಾಸಕ್ಕೆಂದು ಮಕ್ಕಳು ತಮ್ಮ ಮನೆಯ ಡೈರಿಯಿಂದ ಜುಲೈ ತಿಂಗಳ ಒಂದು ವಾರದ ಅಂಕಿಗಳನ್ನು ತಂದು, ‘ಮಳೆ’ ಎಂಬ ಹೆಸರಿನ ಪಟ್ಟಿಯಲ್ಲಿ ಇಟ್ಟರು. ಅತಿ ಹೆಚ್ಚು ಮಳೆ ಬಿದ್ದ ದಿನದ ಅಂಕಿಗೆ ‘ಮ್ಯಾಕ್ಸ್’, ದಿನಗಳ ಎಣಿಕೆಗೆ ‘ಲೆನ್’, ವಾರದ ಒಟ್ಟು ಮಳೆಗೆ ‘ಸಮ್’ ಬಳಸುವುದನ್ನು ತೋರಿಸಿದೆ. ಒಬ್ಬ ಹುಡುಗ ಅದಕ್ಕೂ ಮುಂಚೆಯೇ ಒಟ್ಟನ್ನು ತಾನೇ ಒಂದೊಂದಾಗಿ ಕೂಡಿ, ಬಂದ ಮೊತ್ತವನ್ನು ‘ಸಮ್’ ಎಂಬ ತನ್ನದೇ ಹೆಸರಿನಲ್ಲಿ ಇಟ್ಟಿದ್ದ. ಮುಂದೆ ಪಾಠದಲ್ಲಿ ಹೇಳಿದ ‘ಸಮ್’ ಅನ್ನು ಕರೆದಾಗ, ದಶಮಾಂಶ ಸಂಖ್ಯೆಯನ್ನು ಫಂಕ್ಷನ್ನಿನಂತೆ ಕರೆಯಲಾಗದು ಎಂಬ ಅರ್ಥದ ದೋಷಸೂಚನೆ ಬಂತು. ಅವನು ಅರ್ಧ ಗಂಟೆ ಮಳೆಯ ಅಂಕಿಗಳಲ್ಲಿಯೇ ತಪ್ಪು ಹುಡುಕಿದ. ಹೆಸರಿನ ಮೇಲೆ ಏಕೆ ಸಂಶಯ ಬರಲಿಲ್ಲ ಎಂದು ಕೇಳಿದ್ದಕ್ಕೆ, ‘ಅದು ಒಳಗೇ ಕಟ್ಟಿದ್ದು ಎಂದು ನೀವೇ ಬರೆದಿದ್ದೀರಲ್ಲ ಸರ್, ಒಳಗಿರುವುದನ್ನು ನಾನು ಹೇಗೆ ಕೆಡಿಸಲು ಸಾಧ್ಯ?’ ಎಂದ. ಅವನ ತರ್ಕದಲ್ಲಿ ತಪ್ಪಿರಲಿಲ್ಲ. ಪದವನ್ನು ಬಿಡಿಸಿದರೆ ಅಂತರ್ ಎಂದರೆ ಒಳಗೆ, ನಿರ್ಮಿತ ಎಂದರೆ ಕಟ್ಟಿದ್ದು. ಗೋಡೆಯೊಳಗೆ ಸೇರಿಹೋದ, ಕೈಗೆ ಸಿಗದ ವಸ್ತುವಿನ ಚಿತ್ರವನ್ನೇ ಅದು ಮೂಡಿಸುತ್ತದೆ.

ಪೈಥಾನಿನಲ್ಲಿ ವಾಸ್ತವ ಬೇರೆ. ಒಂದು ಹೆಸರು ಕಂಡಾಗ ಆ ಭಾಷೆ ಅದನ್ನು ಮೊದಲು ಅದು ಬಂದಿರುವ ಫಂಕ್ಷನ್ನಿನ ಒಳಗೆ, ಆಮೇಲೆ ಅದನ್ನು ಸುತ್ತುವರಿದ ಫಂಕ್ಷನ್ನುಗಳಲ್ಲಿ, ಆಮೇಲೆ ಇಡೀ ಕಡತದ ಹೆಸರುಗಳಲ್ಲಿ ಹುಡುಕಿ, ಎಲ್ಲಿಯೂ ಸಿಗದಿದ್ದರೆ ಮಾತ್ರ ಕಟ್ಟಕಡೆಗೆ ಬಿಲ್ಟ್‌-ಇನ್ ಹೆಸರುಗಳ ಪಟ್ಟಿಗೆ ಹೋಗುತ್ತದೆ. ಆದ್ದರಿಂದ ಹುಡುಗ ಇಟ್ಟ ‘ಸಮ್’ ಮೊದಲು ಸಿಕ್ಕಿ, ಭಾಷೆಯ ‘ಸಮ್’ ಅದರ ಹಿಂದೆ ಮರೆಯಾಯಿತು. ಅದು ಕೆಟ್ಟಿರಲಿಲ್ಲ, ಅವನು ಇಟ್ಟ ಹೆಸರನ್ನು ‘ಡೆಲ್’ ಆಜ್ಞೆಯಿಂದ ಅಳಿಸಿದೊಡನೆ ಹಳೆಯದು ಮೊದಲಿನಂತೆ ಕೆಲಸ ಮಾಡಿತು. ಪೈಥಾನ್ 3 ಕನ್ನಡ ಅಕ್ಷರಗಳ ಹೆಸರುಗಳನ್ನೂ ಒಪ್ಪುತ್ತದೆ. ಹಾಗಾಗಿ ಮೊತ್ತಕ್ಕೆ ‘ಒಟ್ಟು’ ಎಂದೇ ಹೆಸರಿಟ್ಟರೆ ಈ ತೊಡಕು ಹತ್ತಿರವೂ ಸುಳಿಯುವುದಿಲ್ಲವೆಂದು ಅವನಿಗೆ ತೋರಿಸಿಕೊಟ್ಟೆ.

ಮುಟ್ಟಲಾಗದ ಹೆಸರುಗಳೂ ಪೈಥಾನಿನಲ್ಲಿ ಇವೆ. ‘ಇಫ್’, ‘ಫಾರ್’, ‘ವೈಲ್’ ಮೊದಲಾದ 35 ಪದಗಳನ್ನು ಭಾಷೆ ತನಗಾಗಿ ಕಾದಿರಿಸಿಕೊಂಡಿದೆ. ಇವುಗಳಲ್ಲಿ ಯಾವುದನ್ನೂ ನಮ್ಮ ಹೆಸರಾಗಿ ಬಳಸಲು ಅದು ಬಿಡುವುದಿಲ್ಲ. ‘ಪ್ರಿಂಟ್’ ಎಂಬುದರ ಕಥೆ ಈ ವ್ಯತ್ಯಾಸವನ್ನು ಚೆನ್ನಾಗಿ ತಿಳಿಸುತ್ತದೆ. ಪೈಥಾನ್ 2ರಲ್ಲಿ ಅದು ಕಾದಿರಿಸಿದ ಪದವಾಗಿತ್ತು. 2008ರಲ್ಲಿ ಪೈಥಾನ್ 3.0 ಬಂದಾಗ ಬಿಲ್ಟ್‌-ಇನ್ ಫಂಕ್ಷನ್ ಆಯಿತು. ಆ ದಿನದಿಂದ ‘ಪ್ರಿಂಟ್’ ಎಂಬ ಹೆಸರನ್ನು ಯಾರು ಬೇಕಾದರೂ ಬೇರೆಯದಕ್ಕೆ ಇಟ್ಟುಕೊಳ್ಳಬಹುದು. ‘ಅಂತರ್ನಿರ್ಮಿತ’ ಎಂಬ ವಿಶೇಷಣ ನಿಜವಾಗಿ ಒಪ್ಪುವುದು ಹಳೆಯ ‘ಪ್ರಿಂಟ್’‌ಗೇ ಎಂದು ನನಗೆ ತೋರುತ್ತದೆ.

ಹಾಗಾದರೆ ಬಿಲ್ಟ್‌-ಇನ್ ಎಂಬುದರ ತಿರುಳೇನು? ಸಂಖ್ಯೆಯ ಋಣಚಿಹ್ನೆಯನ್ನು ತೆಗೆದುಕೊಡುವ ‘ಆಬ್ಸ್’ ಪೈಥಾನ್ ತೆರೆದ ಕೂಡಲೇ ಕೈಗೆ ಸಿಗುತ್ತದೆ. ವರ್ಗಮೂಲ ಕೊಡುವ ಫಂಕ್ಷನ್ನು ಪೈಥಾನಿನ ಜೊತೆಯಲ್ಲಿಯೇ ನಮ್ಮ ಗಣಕಕ್ಕೆ ಬಂದಿದ್ದರೂ, ‘ಮ್ಯಾಥ್’ ಎಂಬ ಮಾಡ್ಯೂಲನ್ನು (ಫಂಕ್ಷನ್ನುಗಳ ಕಟ್ಟನ್ನು) ಇಂಪೋರ್ಟ್ ಮಾಡಿಕೊಳ್ಳದೆ, ಎಂದರೆ ಬೇಕೆಂದು ಹೇಳಿ ತರಿಸಿಕೊಳ್ಳದೆ, ಸಿಗುವುದಿಲ್ಲ. ಕಲಿಯುವವರ ಮಟ್ಟಿಗೆ ಮುಖ್ಯವಾದುದು ಈ ವ್ಯತ್ಯಾಸವೇ. ನಾವು ಆರಿಸುವ ಪದ ‘ಆಬ್ಸ್’ ಅನ್ನು ಒಳಗೊಳ್ಳಬೇಕು, ವರ್ಗಮೂಲವನ್ನು ಹೊರಗಿಡಬೇಕು. ಜೊತೆಗೆ ಕೈ ಹಾಕಲಾಗದ್ದು ಎಂಬ ಭಾವ ಹುಟ್ಟಿಸಬಾರದು.

ಈ ಒರೆಗಲ್ಲಿನಲ್ಲಿ ನಾನು ತಿಕ್ಕಿ ನೋಡಿದ ಪದಗಳು ಕೆಲವು. ‘ಸಿದ್ಧ’ ಎಂದರೆ ವರ್ಗಮೂಲವೂ ಸಿದ್ಧವಾಗಿಯೇ ಇದೆ; ಬೇರ್ಪಡಿಸುವ ಗುಣ ಆ ಪದಕ್ಕಿಲ್ಲ. ‘ಸ್ವಯಂಸಿದ್ಧ’ ಎಂಬುದನ್ನು ಗಣಿತದವರು ಸಾಧನೆ ಬೇಡದ ಮೂಲಹೇಳಿಕೆಗಳಿಗೆ ಬಳಸುತ್ತಾರೆ. ‘ಸಹಜ’ ಎಂಬುದರ ಮೂಲಾರ್ಥ, ಜೊತೆಯಲ್ಲಿ ಹುಟ್ಟಿದ್ದು ಎಂಬುದು, ಇಲ್ಲಿಗೆ ಬಹಳ ಸೊಗಸಾಗಿ ಹೊಂದುತ್ತದೆ. ಆದರೆ ಇಂದಿನ ಕನ್ನಡದಲ್ಲಿ ಸಹಜ ಎಂದರೆ ಸ್ವಾಭಾವಿಕ ಎಂದೇ ಆಗಿರುವುದರಿಂದ ಓದುವವರು ಸಹಜವಲ್ಲದ ಫಂಕ್ಷನ್ ಯಾವುದು ಎಂದು ಕೇಳಿಯಾರು. ‘ಬಳುವಳಿ’ ನನಗೆ ಬಹಳ ಪ್ರಿಯವಾದ ಪದ. ಕೇಳದೆಯೇ ಜೊತೆಯಲ್ಲಿ ಬಂದದ್ದು ಎಂಬ ಅರ್ಥ ಅದರಲ್ಲಿ ತಾನಾಗಿ ಇದೆ. ಅದನ್ನೇ ಇಡೋಣವೆಂದು ನಿರ್ಧರಿಸಿಯೂ ಇದ್ದೆ. ಆದರೆ ಪೈಥಾನಿನಲ್ಲಿ ಒಂದು ಕ್ಲಾಸಿನ (ವಸ್ತುಗಳನ್ನು ರೂಪಿಸುವ ಅಚ್ಚಿನ) ಗುಣಗಳು ಇನ್ನೊಂದು ಕ್ಲಾಸಿಗೆ ಇಳಿದು ಬರುವ ಬೇರೆಯೇ ಏರ್ಪಾಡು ಇದೆ. ಮುಂದಿನ ಪಾಠಗಳಲ್ಲಿ ಅದಕ್ಕೆ ಬಳುವಳಿ ಎಂಬ ಪದವೇ ಬೇಕಾಗುತ್ತದೆ. ಒಂದೇ ಪದವನ್ನು ಎರಡು ಕಡೆ ಇಟ್ಟರೆ ಮತ್ತೆ ಅದೇ ಗೊಂದಲ.

ಕೊನೆಗೆ ಮಕ್ಕಳನ್ನೇ ಕೇಳಿದೆ. ನಮ್ಮ ಕಡೆಯ ಐನ್‌ಮನೆಗಳ (ಮನೆತನದ ಮೂಲಮನೆಗಳ) ಮುಂಭಾಗದ ಜಗಲಿಯಲ್ಲಿ ಕಂಬದಿಂದ ಕಂಬಕ್ಕೆ ಕೂರಿಸಿದ ಅಗಲವಾದ ಹಲಗೆಯೊಂದು ಇರುತ್ತದೆ. ಅದನ್ನು ಐಮರ ಎನ್ನುತ್ತಾರೆ. ಹಿರಿಯರು ಕೂರುವುದು ಅದರ ಮೇಲೆ. ಅದಕ್ಕೂ ಪೇಟೆಯಿಂದ ತಂದ ಕುರ್ಚಿಗೂ ಏನು ವ್ಯತ್ಯಾಸವೆಂದು ಕೇಳಿದಾಗ, ಒಬ್ಬ ಹುಡುಗಿ ‘ಕುರ್ಚಿ ನಾವು ತಂದದ್ದು, ಐಮರ ಮನೆಯೊಟ್ಟಿಗೆ ಬಂದದ್ದು’ ಎಂದಳು. ಅವಳ ಬಾಯಲ್ಲಿ ‘ಒಳಗೆ’ ಎಂಬ ಮಾತು ಬರಲಿಲ್ಲ, ‘ಕಟ್ಟಿದ್ದು’ ಎಂಬ ಮಾತೂ ಬರಲಿಲ್ಲ. ‘ಒಟ್ಟಿಗೆ ಬಂದದ್ದು’ ಎಂದು ಬಂತು. ಐಮರದ ಮೇಲೆ ಚಾಪೆ ಹಾಸಿ ಅದನ್ನು ಮರೆಮಾಡಬಹುದು, ಚಾಪೆ ತೆಗೆದರೆ ಅದು ಅಲ್ಲೇ ಇರುತ್ತದೆ ಎಂಬುದನ್ನು ‘ಸಮ್’ ತಂಟೆಯ ಹುಡುಗ ತಾನೇ ಸೇರಿಸಿದ.

ಆ ಮಾತಿನಿಂದಲೇ ನನಗೆ ‘ಒಡಬಂದ ಫಂಕ್ಷನ್’ ಎಂಬ ರೂಪ ಹೊಳೆದದ್ದು. ಒಡಹುಟ್ಟಿದವರು, ಒಡನಾಡಿ, ಒಡಗೂಡು ಎಂಬಲ್ಲಿ ಇರುವ ‘ಒಡ’ ಜೊತೆಯ ಅರ್ಥವನ್ನು ಕೊಡುತ್ತದೆ. ‘ಒಡನೆ’ ಎಂಬುದಕ್ಕೆ ಕೂಡಲೇ ಎಂಬ ಅರ್ಥವೂ ಇರುವುದರಿಂದ, ತೆರೆದ ಕೂಡಲೇ ಸಿಗುವುದು ಎಂಬ ಛಾಯೆಯೂ ತಾನಾಗಿ ಸೇರಿಕೊಳ್ಳುತ್ತದೆ. ಆದರೆ ಪದರಚನೆಯ ವಿಷಯದಲ್ಲಿ ನನಗೆ ಒಂದು ಅಳುಕಿದೆ. ಒಡ ಮತ್ತು ಪುಟ್ಟು ಸೇರಿದಾಗ ಹಳಗನ್ನಡದಲ್ಲಿ ಆದೇಶವಾಗಿ ‘ಒಡವುಟ್ಟು’ ಎಂದಾಗುತ್ತದೆ. ಬೇರ್ ಮತ್ತು ಬೆರಸಿ ಸೇರಿ ‘ಬೇರ್ವೆರಸಿ’ ಆಗುವಂತೆ ಬಕಾರಕ್ಕೂ ವಕಾರ ಬರುತ್ತದೆ. ಆ ಲೆಕ್ಕದಲ್ಲಿ ಇದು ‘ಒಡವಂದ’ ಆಗಬೇಕು. ಹೊಸಗನ್ನಡದ ಕಿವಿಗೆ ‘ಒಡಹುಟ್ಟಿದ’ ಎಂಬಂತೆ ಬಿಡಿಬಿಡಿಯಾಗಿ ಕೇಳಿಸುವ ‘ಒಡಬಂದ’ವೇ ಹಿತವೆಂದು ನನ್ನ ಅನಿಸಿಕೆ. ‘ಒಡವಂದ’ ಎಂದರೆ ಮಕ್ಕಳಿಗೆ ಬಂದ ಎಂಬ ಕ್ರಿಯೆ ಕಾಣುವುದೇ ಇಲ್ಲ. ವ್ಯಾಕರಣ ಬಲ್ಲವರು ಇದನ್ನು ಒಪ್ಪುವರೇ?

‘ಫಲನ’ ಎಂಬ ನಾಮಪದವನ್ನು ಬಿಟ್ಟು ಫಂಕ್ಷನ್ ಎಂದೇ ಇಟ್ಟದ್ದೇಕೆಂದು ಕೇಳಬಹುದು. ಗಣಿತದ ಫಲನ ಒಂದೇ ಇನ್‌ಪುಟ್‌ಗೆ ಯಾವಾಗಲೂ ಒಂದೇ ಫಲ ಕೊಡುತ್ತದೆ. ಬಳಕೆದಾರರು ಟೈಪ್ ಮಾಡಿದ್ದನ್ನು ತಂದುಕೊಡುವ ‘ಇನ್‌ಪುಟ್’ ಎಂಬ ಫಂಕ್ಷನ್ನು ಒಂದೊಂದು ಸಲ ಒಂದೊಂದನ್ನು ಕೊಡುತ್ತದೆ. ‘ಪ್ರಿಂಟ್’ ಪರದೆಯ ಮೇಲೆ ಬರೆಯುತ್ತದೆಯೇ ಹೊರತು ಕರೆದವರಿಗೆ ‘ನನ್’ ಎಂಬ, ಏನೂ ಇಲ್ಲ ಎನ್ನುವ ಮೌಲ್ಯವನ್ನಷ್ಟೇ ಹಿಂದಿರುಗಿಸುತ್ತದೆ. ಫಂಕ್ಷನ್ ಎಂಬ ಪದ ಮಕ್ಕಳಿಗೆ ಬಳಕೆಯಲ್ಲಿದೆ, ಅದರ ಬಗ್ಗೆ ನನಗೆ ತಕರಾರಿಲ್ಲ.

‘ಅಂತರ್ನಿರ್ಮಿತ’ವನ್ನು ಪೂರ್ತಿಯಾಗಿ ತಳ್ಳಿಹಾಕುವುದು ನ್ಯಾಯವಲ್ಲ ಎಂಬುದನ್ನೂ ಹೇಳಬೇಕು. ಲಿನಕ್ಸಿನಲ್ಲಿ ನಾವು ಟೈಪ್ ಮಾಡಿದ ಆಜ್ಞೆಗಳನ್ನು ನಡೆಸುವ ಬ್ಯಾಷ್ ಎಂಬ ಶೆಲ್ಲಿನಲ್ಲಿ ಫೋಲ್ಡರಿನಿಂದ ಫೋಲ್ಡರಿಗೆ ಹೋಗುವ ‘ಸಿಡಿ’ ಎಂಬ ಆಜ್ಞೆ ನಿಜಾರ್ಥದಲ್ಲಿ ಶೆಲ್ಲಿನ ಒಳಗಿನದು. ಬೇರೆ ಹೆಚ್ಚಿನ ಆಜ್ಞೆಗಳಿಗೆ ಶೆಲ್ ಪ್ರತ್ಯೇಕ ಪ್ರೋಗ್ರಾಮನ್ನು ಎಬ್ಬಿಸುತ್ತದೆ. ಹಾಗೆ ಎಬ್ಬಿಸಿದ ಪ್ರೋಗ್ರಾಮು ತನ್ನ ಜಾಗವನ್ನು ಬದಲಿಸಬಲ್ಲದೇ ಹೊರತು ತನ್ನನ್ನು ಎಬ್ಬಿಸಿದ ಶೆಲ್ಲಿನ ಜಾಗವನ್ನು ಬದಲಿಸಲಾರದು. ಆದ್ದರಿಂದ ‘ಸಿಡಿ’ ಒಳಗೇ ಇರಬೇಕಾದುದು ಅನಿವಾರ್ಯ. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಆಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿಯೂ ‘ಲೆಂಗ್ತ್’, ‘ಸಬ್‌ಸ್ಟ್ರಿಂಗ್’ ಕೆಲಸದ ಬಿಲ್ಟ್‌-ಇನ್ ಹೆಸರುಗಳನ್ನು ನಾವು ಬೇರೆಯದಕ್ಕೆ ಇಟ್ಟುಕೊಳ್ಳುವಂತಿಲ್ಲ. ಇಲ್ಲೆಲ್ಲ ಒಳಗೆ ಕಟ್ಟಿದ್ದು ಎಂಬ ಚಿತ್ರ ಸರಿಯಾಗಿಯೇ ಇದೆ.

ಇನ್ನೂ ಸೂಕ್ಷ್ಮವಾದ ಸಂಗತಿ ಪೈಥಾನಿನಲ್ಲಿಯೇ ಇದೆ. ಹೆಚ್ಚಿನವರು ಬಳಸುವ ಪೈಥಾನನ್ನು ಬರೆದಿರುವುದು ಸಿ ಭಾಷೆಯಲ್ಲಿ. ಅಲ್ಲಿ ‘ಲೆನ್’ ಯಾವ ಬಗೆಯದೆಂದು ಕೇಳಿದರೆ ಬಿಲ್ಟ್‌-ಇನ್ ಫಂಕ್ಷನ್ ಎಂಬ ಉತ್ತರ ಬರುತ್ತದೆ. ಇಂಪೋರ್ಟ್ ಮಾಡಿಕೊಂಡ ವರ್ಗಮೂಲದ ಫಂಕ್ಷನ್ನನ್ನು ಕೇಳಿದರೂ ಅದೇ ಉತ್ತರ ಬರುತ್ತದೆ. ಅಲ್ಲಿ ಬಿಲ್ಟ್‌-ಇನ್ ಎಂದರೆ ಸಿ ಭಾಷೆಯಲ್ಲಿ ಬರೆದದ್ದು ಎಂಬ ಅರ್ಥ. ಪಠ್ಯದಲ್ಲಿ ಬಿಲ್ಟ್‌-ಇನ್ ಎಂದರೆ ಇಂಪೋರ್ಟ್ ಮಾಡದೆ ಜೊತೆಗೇ ಬಂದ ಹೆಸರು ಎಂಬ ಅರ್ಥ. ಇಂಗ್ಲಿಷ್ ಈ ಎರಡನ್ನೂ ಒಂದೇ ಪದದ ಮೇಲೆ ಹೊರಿಸಿದೆ. ಕನ್ನಡವೂ ಆ ಹೊರೆಯನ್ನು ಹಾಗೆಯೇ ಹೊರಬೇಕಾಗಿಲ್ಲ. ಮೊದಲ ಅರ್ಥಕ್ಕೆ ‘ಅಂತರ್ನಿರ್ಮಿತ’ವನ್ನು ಉಳಿಸಿಕೊಂಡು, ಎರಡನೆಯದಕ್ಕೆ ‘ಒಡಬಂದ’ವನ್ನು ತರುವುದು ನನ್ನ ಸೂಚನೆ.

ಟಿಪ್ಪಣಿಯ ಹೊಸ ಪ್ರತಿಯನ್ನು ಜೂನಿನಲ್ಲಿ ಮಳೆ ಹಿಡಿಯುವ ಮೊದಲು ಮಕ್ಕಳ ಕೈಗೆ ಕೊಡಬೇಕೆಂದಿದ್ದೇನೆ. ‘ಒಡಬಂದ’, ‘ಒಡವಂದ’ಗಳಲ್ಲಿ ಯಾವುದು ಸಾಧುವೆಂದು ತಿಳಿಸಬೇಕಾಗಿ ವಿನಂತಿ. ಮನೆಯನ್ನೋ ತೋಟವನ್ನೋ ಕೊಂಡಾಗ ಅದರ ಜೊತೆಗೇ ಬರುವ ಬಾವಿ, ಕಣ, ಐಮರದಂಥವುಗಳನ್ನು ಒಟ್ಟಾಗಿ ಕರೆಯಲು ನಿಮ್ಮ ನಿಮ್ಮ ಊರಿನ ಮಾತಿನಲ್ಲಿ ಪದವಿದ್ದರೆ, ಅದು ಸೋಮವಾರಪೇಟೆಯ ಕನ್ನಡವಾಗಲಿ, ಅರೆಭಾಷೆಯಾಗಲಿ, ಘಟ್ಟದ ಕೆಳಗಿನ ಮಾತಾಗಲಿ, ದಯವಿಟ್ಟು ಬರೆಯಿರಿ. ‘ಒಡಬಂದ’ಕ್ಕಿಂತ ಅದು ಮೇಲೆಂದು ತೋರಿದರೆ ಅದನ್ನೇ ಸಂತೋಷದಿಂದ ಟಿಪ್ಪಣಿಯಲ್ಲಿ ಇಡುತ್ತೇನೆ.