ಜೀವವಿಕಾಸದ ಪಾಠದ ಜೊತೆ ಬಂದ ಹಾಳೆ: ಬಯಾಲಜಿ ಟೀಚರ್‌ಗೆ ಕೇಳಿ (ಅಮೆರಿಕದ ಕನ್ನಡಿಗರ ಗ್ರೂಪಿನ ಮಾತುಕತೆ)

ಟೆನೆಸಿ ಅಮ್ಮ: ಮೇಡಂ, ನಮಸ್ಕಾರ. ಮಗ ಪಬ್ಲಿಕ್ ಸ್ಕೂಲಲ್ಲಿ ಒಂಬತ್ತನೇ ಕ್ಲಾಸು. ಜೀವವಿಕಾಸದ ಪಾಠದ ಜೊತೆ ಒಂದು ಹಾಳೆ ಕೊಟ್ಟಿದ್ದಾರೆ: ‘ಡಾರ್ವಿನ್ ಹೇಳಿದ್ದು ಬರೀ ಥಿಯರಿ. ಕಣ್ಣನ್ನು ಸೃಷ್ಟಿಕರ್ತನೇ ರೂಪಿಸಿರಬೇಕು.’ ಇದರ ಮೇಲೆ ಕ್ವಿಜ್ ಕೂಡ ಇದೆಯಂತೆ. ಸುಮ್ಮನಿರೋದಾ, ಕೇಳೋದಾ?

ಟೀಚರ್: ಕೇಳಲೇಬೇಕು. ಕ್ವಿಜ್ ಇದೆ ಅಂದಿರಲ್ಲ, ನನಗೆ ಆತಂಕ ಆಗಿದ್ದು ಅದಕ್ಕೇ. ಮೊದಲು ಹಾಳೆಯ ಎರಡೂ ಬದಿ ಫೋಟೊ ತೆಗೆದು, ತಾರೀಖು, ಪೀರಿಯಡ್ ಬರೆದಿಡಿ. ಆಮೇಲೆ ಕ್ಲಾಸ್ ಟೀಚರಿಗೆ ಮೂರೇ ಸಾಲಿನ ಇಮೇಲ್: ಹಾಳೆ ಎಲ್ಲಿಂದ ಬಂತು, ರಾಜ್ಯದ ಪಠ್ಯಕ್ರಮದ ಯಾವ ಅಂಶಕ್ಕೆ ಸೇರುತ್ತೆ, ಇದಕ್ಕೆ ಅಂಕ ಇದೆಯಾ. ಕೋರ್ಟಿನ ಮಾತು ಈಗಲೇ ಬೇಡ. ಉತ್ತರ ಬರದಿದ್ದರೆ ಪ್ರಿನ್ಸಿಪಾಲ್, ಆಮೇಲೆ ಅಲ್ಲಿನ ಶಾಲೆಗಳ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್. ಸ್ಕೂಲ್ ಬೋರ್ಡ್ ಮೀಟಿಂಗ್ ಕೊನೆಗೆ. ಮೊದಲೇ ಅಲ್ಲಿಗೆ ಹೋದರೆ ಮಗನ ಹೆಸರು ಊರೆಲ್ಲ ಆಗುತ್ತೆ.

ಅವರು ಟೆನೆಸಿಯ 2012ರ ಕಾನೂನು ತೋರಿಸಬಹುದು. ವೈಜ್ಞಾನಿಕ ಸಿದ್ಧಾಂತಗಳ ಬಲ, ದೌರ್ಬಲ್ಯ ಚರ್ಚಿಸುವ ಟೀಚರಿಗೆ ಅದು ರಕ್ಷಣೆ ಕೊಡುತ್ತೆ, ಆದರೆ ಮತಪ್ರಚಾರಕ್ಕಲ್ಲ ಅಂತ ಅದರಲ್ಲೇ ಬರೆದಿದೆ. ‘ಜೀವವಿಕಾಸ, ಸೃಷ್ಟಿವಾದ ಎರಡನ್ನೂ ಸಮಸಮ ಕಲಿಸಿ’ ಅನ್ನುವ ಲೂಸಿಯಾನಾದ ಕಾನೂನನ್ನು 1987ರಲ್ಲಿ ಸುಪ್ರೀಂ ಕೋರ್ಟ್ 7–2ರಲ್ಲಿ ರದ್ದು ಮಾಡಿದೆ. ಅದು ಇಡೀ ದೇಶಕ್ಕೆ ಅನ್ವಯ.

ಮಗನಿಗೆ ಕಣ್ಣಿನ ವಿಷಯ ಹೇಳಿಕೊಡಿ. ಪ್ಲನೇರಿಯಾ ಹುಳುವಿಗೆ ಬೆಳಕು ತಿಳಿಯುವ ಪುಟ್ಟ ಬಟ್ಟಲು ಮಾತ್ರ. ಚಿಪ್ಪಿನ ಕಡಲಜೀವಿ ನಾಟಿಲಸ್‌ಗೆ ಸೂಜಿರಂಧ್ರದ ಕಣ್ಣು, ಮಸೂರವಿಲ್ಲ. ಆಕ್ಟೋಪಸ್‌ಗೆ ಮಸೂರವೂ ಇದೆ. ಅರೆಬರೆ ಕಣ್ಣೂ ಕೆಲಸಕ್ಕೆ ಬರುತ್ತೆ ಅನ್ನೋದಕ್ಕೆ ಇವು ಇವತ್ತಿಗೂ ಬದುಕಿರೋದೇ ಸಾಕ್ಷಿ.

ನ್ಯೂಜೆರ್ಸಿ ಸದಸ್ಯ: ಮಂಗನಿಂದ ಮನುಷ್ಯ ಬಂದಿದ್ದರೆ ಮಂಗ ಇನ್ನೂ ಯಾಕಿದೆ?

ಟೀಚರ್: ಈಗಿನ ಮಂಗನಿಂದ ಬಂದಿಲ್ಲ. ಇಬ್ಬರಿಗೂ ಪೂರ್ವಜ ಒಂದೇ, ಕವಲು ಬೇರೆ.

ಒಹಾಯೋ ಸದಸ್ಯ: ನೇರ ಕೇಸ್ ಹಾಕಿ ಅಕ್ಕಾ. ಡೋವರ್ ತೀರ್ಪು ಇದೆಯಲ್ಲ.

ಟೀಚರ್: ಅರ್ಧ ಓದಿ ಸಲಹೆ ಕೊಡಬೇಡಿ. ಬಯಾಲಜಿ ಕ್ಲಾಸಿಗೆ ‘ಇಂಟೆಲಿಜೆಂಟ್ ಡಿಸೈನ್’, ಅಂದರೆ ಜೀವಿಗಳನ್ನು ಯಾರೋ ಬುದ್ಧಿವಂತ ರೂಪಿಸಿದ್ದು ಅನ್ನುವ ವಾದ, ತಂದ ಡೋವರ್ ಸ್ಕೂಲ್ ಬೋರ್ಡಿನ ವಿರುದ್ಧ ಬಂದ 2005ರ ತೀರ್ಪು ಪೆನ್ಸಿಲ್ವೇನಿಯಾದ ಜಿಲ್ಲಾ ಫೆಡರಲ್ ಕೋರ್ಟಿನದು. ತೀರ್ಪಿಗೆ ಮೊದಲೇ ಚುನಾವಣೆಯಲ್ಲಿ ಆ ಬೋರ್ಡಿನವರು ಸೋತರು, ಹೊಸಬರು ಅಪೀಲ್ ಹೋಗಲಿಲ್ಲ. ಟೆನೆಸಿಯ ಕೋರ್ಟ್ ಅದನ್ನು ಪಾಲಿಸಲೇಬೇಕು ಅಂತಿಲ್ಲ. ಆದರೆ 139 ಪುಟ ಓದಿ. ಆ ಬೋರ್ಡು ಮಕ್ಕಳಿಗೆ ಸೂಚಿಸಿದ್ದ ‘ಆಫ್ ಪಾಂಡಾಸ್ ಅಂಡ್ ಪೀಪಲ್’ ಪುಸ್ತಕದ ಹಳೆಯ ಕರಡುಗಳಲ್ಲಿ ‘ಕ್ರಿಯೇಷನಿಸ್ಟ್ಸ್’ (ಸೃಷ್ಟಿವಾದಿಗಳು) ಅಂತಿತ್ತು. 1987ರ ತೀರ್ಪಾದ ಮೇಲೆ ಅಲ್ಲೆಲ್ಲ ‘ಡಿಸೈನ್ ಪ್ರೊಪೊನೆಂಟ್ಸ್’ (ಡಿಸೈನ್ ವಾದಿಗಳು) ತುರುಕಿದರು. ಒಂದು ಕಡೆ ಅಳಿಸಿದ್ದು ಅರ್ಧ ಉಳಿದು ‘ಸಿಡಿಸೈನ್ ಪ್ರೊಪೊನೆಂಟ್ಸಿಸ್ಟ್ಸ್’ ಆಗಿಹೋಗಿತ್ತು. ಹೆಸರು ಬದಲಾಯ್ತು, ಸರಕು ಅದೇ.

ಟೆಕ್ಸಸ್ ಸದಸ್ಯ: *ಫಾರ್ವರ್ಡ್: ಸಾಯುವಾಗ ಡಾರ್ವಿನ್ ಪಶ್ಚಾತ್ತಾಪಪಟ್ಟ. ಎಲ್ಲ ಗ್ರೂಪಿಗೂ ಕಳಿಸಿ.*

ಟೀಚರ್: ಸುಳ್ಳು. ಮಗಳು ಹೆನ್ರಿಯೆಟಾ 1922ರಲ್ಲೇ ಅಲ್ಲಗಳೆದಿದ್ದಾರೆ. ಇಲ್ಲಿ ಫಾರ್ವರ್ಡ್ ಬೇಡ ಅಂತ ಹೇಳಿದ್ದೆ. ಪ್ರಿನ್ಸಿಪಾಲರ ಮುಂದೆ ಯಾರಾದರೂ ಇಂಥದ್ದೊಂದು ಹೇಳಿದರೆ ಉಳಿದ ಮಾತನ್ನೂ ಅವರು ನಂಬಲ್ಲ.

ಅಟ್ಲಾಂಟಾ ಸದಸ್ಯೆ: ಪ್ರೈವೇಟ್ ಸ್ಕೂಲಿಗೂ ಇದೆಲ್ಲ ಅನ್ವಯಾನಾ?

ಡಲ್ಲಾಸ್ ಸದಸ್ಯ: ಅವರದು ಹೇಳೋದಾದರೆ ನಮ್ಮ ದಶಾವತಾರಾನೂ ಹೇಳಲಿ. ಮತ್ಸ್ಯ, ಕೂರ್ಮ, ವರಾಹ, ಸರಿಯಾಗಿ ವಿಕಾಸದ ಕ್ರಮವೇ.

ಒಹಾಯೋ ಸದಸ್ಯ: ಕ್ರಮ ಎಲ್ಲಿದೆ ರೀ? ಆಮೆ ಉಭಯವಾಸಿಯಲ್ಲ, ಸರೀಸೃಪ. ನರಸಿಂಹನಿಗೆ ಯಾವ ಪಳೆಯುಳಿಕೆ?

ಡಲ್ಲಾಸ್ ಸದಸ್ಯ: ನಮ್ಮದನ್ನ ಬೈಯೋಕೆ ನಿಮ್ಮಂಥವರೇ ಮೊದಲು.

ಒಹಾಯೋ ಸದಸ್ಯ: ಬೈದಿದ್ದು ಎಲ್ಲಿ, ತೋರಿಸಿ.

ಟೀಚರ್: ಇಬ್ಬರೂ ನಿಲ್ಲಿಸಿ. ದಶಾವತಾರ ಮನೇಲಿ ಹೇಳಿ, ಮಕ್ಕಳಿಗೆ ಬೇಕು. ಸೋಷಿಯಲ್ ಸ್ಟಡೀಸಲ್ಲಿ ಧರ್ಮಗಳ ಪರಿಚಯ ಮಾಡುವಾಗಲೂ ಬರಲಿ. ಬಯಾಲಜಿಗೆ ಬೇಡ. ಆ ಹಾಳೆಯನ್ನ ಹೊರಗಿಡುವ ನಿಯಮವೇ ನಮ್ಮ ಮಕ್ಕಳ ಮೇಲೆ ಬೇರೆಯವರ ದೇವರನ್ನ ಹೇರದಂತೆ ತಡೆದಿರೋದು. ನಮಗೂ ಪಾಲು ಕೊಡಿ ಅಂದರೆ ಆ ನಿಯಮವನ್ನ ನಾವೇ ಮುರಿದ ಹಾಗೆ.

ನ್ಯೂಜೆರ್ಸಿ ಸದಸ್ಯ: ಆದ್ರೂ ಮಂಗ ಯಾಕೆ ಈಗ ಮನುಷ್ಯ ಆಗ್ತಿಲ್ಲ?

ಟೀಚರ್: ಮೇಲೆ ನೋಡಿ.

ಸಿಯಾಟಲ್ ಸದಸ್ಯೆ: ಇಂಡಿಯಾದಲ್ಲೂ ಜೀವವಿಕಾಸದ ಪಾಠ ತೆಗೆದುಹಾಕಿದರಂತೆ?

ಟೀಚರ್: ಪೂರ್ತಿ ಅಲ್ಲ. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ಕ್ಲಾಸಿನ ಪುಸ್ತಕದಿಂದ ತೆಗೆಯಿತು, ಹನ್ನೆರಡರ ಬಯಾಲಜಿಯಲ್ಲಿ ಇದೆ. ಬಯಾಲಜಿ ತಗೊಳ್ಳದ ಮಕ್ಕಳಿಗೆ ತಪ್ಪಿಹೋಯಿತು. ಅದು ದೊಡ್ಡ ನಷ್ಟ.

ಅಟ್ಲಾಂಟಾ ಸದಸ್ಯೆ: ಪ್ರೈವೇಟ್ ಸ್ಕೂಲ್ ಬಗ್ಗೆ ಕೇಳಿದ್ದೆ…

ಟೆನೆಸಿ ಅಮ್ಮ: ಮೇಡಂ, ಇಮೇಲ್ ಬರೆದು ನಿಮಗೆ ಮೆಸೇಜಲ್ಲಿ ಹಾಕಿದ್ದೀನಿ. ನೋಡ್ತೀರಾ?

ಟೀಚರ್: ನೋಡಿದೆ. ಮೊದಲ ಮೂರು ಸಾಲು ಚೆನ್ನಾಗಿದೆ. ನಾಲ್ಕನೇದು, ‘ಕೊಡುವುದಾದರೆ ದಶಾವತಾರದ ಹಾಳೆಯನ್ನೂ ಕೊಡಿ’ ಅನ್ನೋದನ್ನ ಅಳಿಸಿ. ಕ್ವಿಜ್‌ಗಿಂತ ಮೊದಲು, ಇವತ್ತೇ ಕಳಿಸಿ.