ಹಿಂದೆ ಕಾರು ಕಟ್ಟಿದರೆ ವ್ಯಾನಿನ ಸ್ಟಿಯರಿಂಗ್ ತೇಲುತ್ತದೆ, ಯಾಕೆ?

ಬದಿಯಡ್ಕದವ:
ಹಳೆಯ ಟೆಂಪೋ ಟ್ರಾವೆಲರನ್ನು ಮಲಗುವ ವ್ಯಾನ್ ಮಾಡಿಕೊಂಡಿದ್ದೇನೆ. ಹಿಂದೆ ಟ್ರೈಲರ್, ಅದರ ಮೇಲೆ ಮಾರುತಿ 800. ಕುಂಬಳೆ ದಾಟಿ 60 ಮುಟ್ಟಿದರೆ ಸಾಕು, ಸ್ಟಿಯರಿಂಗ್ ಹಿಡಿತವೇ ಇಲ್ಲ. ಲಾರಿ ಪಕ್ಕದಲ್ಲಿ ಹೋದರೆ ದೇವರೇ ಗತಿ. ಕಾರು ಬಿಚ್ಚಿದರೆ ಪರವಾಗಿಲ್ಲ. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೆ, ದುಡ್ಡು ಹೋಯಿತು ಅಷ್ಟೇ.

ಉಪ್ಪಳ ಮೆಕ್ಯಾನಿಕ್:
ನೀರಿನ ಟ್ಯಾಂಕ್ ಎಲ್ಲಿದೆ? ಹಿಂದಿನ ಆಕ್ಸಲ್‌ನಿಂದಾಚೆ ಭಾರ ಬಿದ್ದರೆ ಏತದ ಹಾಗೆ ಮುಂಭಾಗ ಮೇಲೇಳುತ್ತದೆ. ಟಯರಿಗೆ ಹಿಡಿತ ಎಲ್ಲಿಂದ ಬರಬೇಕು?

ಮಂಜೇಶ್ವರ ಲಾರಿಯವ:
ಟ್ರೈಲರನ್ನು ವ್ಯಾನಿಗೆ ಸಿಕ್ಕಿಸುವ ಕೊಕ್ಕೆಯ ಮೇಲೆ ಟ್ರೈಲರ್‌ನ ಒಟ್ಟು ತೂಕದ ಶೇಕಡಾ 10ರಿಂದ 15 ಬೀಳಬೇಕು. ಜಾಸ್ತಿಯಾದರೆ ಸ್ಟಿಯರಿಂಗ್ ಹಗುರ. ಕಮ್ಮಿಯಾದರೆ ಟ್ರೈಲರ್ ಬಾಲ ಆಡಿಸುತ್ತದೆ, ಅದು ಇನ್ನೂ ಅಪಾಯ. ಆಡಿದರೆ ಬ್ರೇಕ್ ಒತ್ತಬೇಡಿ, ಆಕ್ಸಿಲರೇಟರ್ ಬಿಡಿ, ಸ್ಟಿಯರಿಂಗ್ ನೇರ ಹಿಡಿಯಿರಿ. ಸುಮ್ನೆ ಊಹೆ ಬೇಡ, ತೂಗಿಸಿ ನೋಡಿ.

ಬದಿಯಡ್ಕದವ:
ತೂಗಿಸಿದೆ. ಲಾರಿಗಳ ಸಾಲಿನಲ್ಲಿ ನಿಂತಾಗ ಎಲ್ಲರೂ ನಕ್ಕರು. ಕಾರು ಸಮೇತ ಟ್ರೈಲರ್ 950 ಕಿಲೋ, ಕೊಕ್ಕೆಯ ಮೇಲೆ 190! ಕಾರನ್ನು ಒಂದಡಿ ಹಿಂದೆ ಸರಿಸಿದ ಮೇಲೆ 125. ಹಿಂದಿನ ಟ್ಯಾಂಕೂ ಖಾಲಿ ಮಾಡಿದೆ. ನಿನ್ನೆ ಬೇಕಲದವರೆಗೆ ಹೋಗಿ ಬಂದೆ, 60ರಲ್ಲೂ ನೆಟ್ಟಗೆ ಹೋಯಿತು. ಟ್ಯಾಂಕನ್ನು ಆಕ್ಸಲ್ ಮುಂದೆ ಹಾಕಿಸಬೇಕು. ಮಂಚ ಅಡ್ಡ ಬರುತ್ತದೆ, ಹೆಂಡತಿ ಒಪ್ಪಬೇಕಲ್ವಾ?