ಅಮ್ಮ ಶ್ರೀರಾಂಪುರ ಬಿಟ್ಟು ಬರಲ್ಲ ಅಂತಾಳೆ, ಏನ್ ಮಾಡ್ಲಿ?

ಹಳಿ ಪಕ್ಕದವಳು:

ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಒಂದು ಕಂಪನೀಲಿ ಅಕೌಂಟ್ಸ್ ನೋಡ್ಕೋತಿದೀನಿ. ಮನೆ ಶ್ರೀರಾಂಪುರದ ಸ್ಲಂನಲ್ಲಿ. ಹತ್ತಡಿ ಹನ್ನೆರಡಡಿ, ಮೂರು ಜನ. ಕೈಯಲ್ಲಿ ಸ್ವಲ್ಪ ದುಡ್ಡು ಸೇರಿದೆ, ದಾಸರಹಳ್ಳಿ ಕಡೆ ಬಾಡಿಗೆ ಮನೆ ಮಾಡೋಣ ಅಂದ್ರೆ ಅಮ್ಮ ಜಪ್ಪಯ್ಯ ಅಂದ್ರೂ ಒಪ್ತಿಲ್ಲ.

ಮೊನ್ನೆ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದ್ದೆ. ಸಂಬಳದ ಸ್ಲಿಪ್ಪು, ಪ್ಯಾನ್ ಎಲ್ಲ ಸರಿ ಇತ್ತು. ಕೊನೆಗೆ ಏಜೆಂಟ್ ಹುಡುಗ ಫೋನ್ ಮಾಡಿ, ಪಾಪ ಅವನಿಗೇ ಸಂಕೋಚ, 'ನಿಮ್ಮದು ನೆಗೆಟಿವ್ ಏರಿಯಾ ಬರುತ್ತೆ ಮೇಡಂ' ಅಂದ. ಅಂದ್ರೆ ಬ್ಯಾಂಕಿನೋರು ಸಾಲ, ಕಾರ್ಡ್ ಕೊಡೋಕೆ ಹಿಂದೇಟು ಹಾಕೋ ಏರಿಯಾ. ಆಫೀಸ್ ಕ್ಯಾಬಿಂದ ದಿನಾ ಸಂಪಿಗೆ ರಸ್ತೆ ಮಾಲ್ ಮುಂದೆ ಇಳೀತೀನಿ. ಮನೆ ಅಲ್ಲೇ ಎಲ್ಲೋ ಇದೆ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಕ್ಯಾಬ್ ಮರೆಯಾದ ಮೇಲೆ ನಡೆಯೋಕೆ ಶುರು ಮಾಡ್ತೀನಿ.

ಅಮ್ಮನ ಲೆಕ್ಕವೇ ಬೇರೆ. ಮಲ್ಲೇಶ್ವರದಲ್ಲಿ ನಾಲ್ಕು ಮನೆ ಕೆಲಸ, ಮೊದಲನೇ ಮನೇಲಿ ಆರೂವರೆಗೆ ಇರಬೇಕು, ನಡ್ಕೊಂಡೇ ಹೋಗ್ತಾಳೆ. ನಲ್ಲಿ ನೀರು ಬರೋದು ಎಂಟು ಗಂಟೆ ಮೇಲೆ, ಆಗ ನಮ್ಮನೇಲಿ ಯಾರೂ ಇರಲ್ಲ. ಎದುರುಮನೆ ಅಕ್ಕ ನಮ್ಮ ಕೊಡಾನೂ ಸಾಲಿಗಿಟ್ಟು, ತುಂಬಿಸಿ, ತಟ್ಟೆ ಮುಚ್ಚಿ ಹೊಸ್ತಿಲ ಪಕ್ಕ ಇಟ್ಟಿರ್ತಾರೆ. ಎಲ್ಲರದ್ದೂ ಅದೇ ಹಸಿರು ಪ್ಲಾಸ್ಟಿಕ್ ಕೊಡ, ನಮ್ಮದಕ್ಕೆ ಕತ್ತಿನ ಹತ್ರ ಕೆಂಪು ನೈಲ್ ಪಾಲಿಶ್ ಬೊಟ್ಟು. ನನ್ನ ಕೊನೇ ಸೆಮ್ ಫೀಸ್ ಕಟ್ಟಿದ್ದೂ ಅದೇ ಅಕ್ಕನ ಓಲೆ ಅಡ ಇಟ್ಟು. 'ಅಲ್ಲಿ ನಮ್ ಕೊಡ ಯಾರೇ ಇಡ್ತಾರೆ?' ಅಂತಾಳೆ ಅಮ್ಮ.

ಹಾಗಂತ ಇದೇನೂ ಸ್ವರ್ಗ ಅಲ್ಲ. ಜೋರು ಮಳೆ ಬಂದ್ರೆ ಚರಂಡಿ ನೀರು ಒಳಗೆ. ಬಚ್ಚಲಿಗೆ ಬಾಗಿಲಿಲ್ಲ, ಹಳೇ ಸೀರೆ. ಬಡವರ ಒಗ್ಗಟ್ಟಿನ ಬಗ್ಗೆ ಭಾಷಣ ಮಾಡೋರು ಆ ಸೀರೆ ಹಿಂದೆ ನಿಂತು ಒಂದ್ಸಲ ಸ್ನಾನ ಮಾಡ್ಲಿ.

ದಾಸರಹಳ್ಳಿ ಓನರ್ ಕೇಳಿದ ಮೊದಲನೇ ಪ್ರಶ್ನೆ 'ನೀವು ಯಾವ ಜನ?' ಎರಡನೇದು 'ಈಗ ಎಲ್ಲಿದ್ದೀರ?' ಎರಡಕ್ಕೂ ಸುಳ್ಳು ಹೇಳಿ ಬಂದಿದೀನಿ.

ಈಜೀಪುರ ಆಟೋ:

ತಂಗಿ, ನಾವು ಈಜೀಪುರದ ಇಡಬ್ಲ್ಯೂಎಸ್ ಕ್ವಾಟ್ರಸ್‌ನೋರು, ಬಡವರಿಗೆ ಅಂತ ಕಟ್ಟಿದ್ದ ಮನೆಗಳು. 2007ರಲ್ಲಿ ಕಟ್ಟಡ ಕುಸೀತು, ಆಮೇಲೆ ತಗಡಿನ ಶೆಡ್ಡು. 2013ರ ಜನವರೀಲಿ ಜೆಸಿಬಿ ಬಂದು ಅದೂ ಹೋಯ್ತು. ನಾವು ಸರ್ಜಾಪುರ ರಸ್ತೆ ಕಡೆ ಹೋದ್ವಿ. ಅಮ್ಮ ಕೋರಮಂಗಲದಲ್ಲಿ ಐದು ಮನೆ ಮಾಡ್ತಿದ್ರು, ಎರಡೇ ತಿಂಗಳಲ್ಲಿ ಮೂರು ಮನೆಯೋರು 'ಲೇಟ್ ಆಗ್ತಿದೆ' ಅಂತ ಬೇರೆಯೋರನ್ನ ಇಟ್ಕೊಂಡ್ರು. 2023ರ ಜೂನಿಂದ ಹೆಂಗಸರಿಗೆ ಬಸ್ ಫ್ರೀ, ನಿಜ. ಕಾಸು ಉಳಿಯುತ್ತೆ, ಟೈಮ್ ಉಳಿಯಲ್ಲ. ಮೆಟ್ರೋಲಿ ಫ್ರೀ ಇಲ್ಲ, 2025ರ ಫೆಬ್ರವರೀಲಿ ರೇಟು ಬೇರೆ ಏರಿಸಿದ್ರು. ಅಡ್ವಾನ್ಸ್ ಕೊಡೋ ಮುಂಚೆ ಒಂದಿನ ಬೆಳಗಿನ ಜಾವ ದಾಸರಹಳ್ಳಿಯಿಂದ ಮಲ್ಲೇಶ್ವರಕ್ಕೆ ನೀನೇ ಬಸ್ಸಲ್ಲಿ ಹೋಗಿ ನೋಡಮ್ಮ.

ಹಳೇ ಗುಮಾಸ್ತ:

ಮೊದಲು ಕಾಗದ ನೋಡಿಕೊಳ್ಳಿ. ನಿಮ್ಮದು 1973ರ ಕೊಳಚೆ ಪ್ರದೇಶ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಘೋಷಣೆ ಆಗಿದೆಯಾ? (ಕೊಳಚೆ ಅನ್ನೋ ಮಾತು ಸರ್ಕಾರದ್ದು, ನನ್ನದಲ್ಲ.) ಅಮ್ಮನ ಹೆಸರಲ್ಲಿ ಹಕ್ಕುಪತ್ರ (ಜಾಗದ ಮೇಲೆ ಹಕ್ಕು ಕೊಡೋ ಕಾಗದ) ಇದೆಯಾ, ಬರೀ ಪರಿಚಯ ಪತ್ರವಾ (ಅಲ್ಲಿ ವಾಸ ಇದ್ದೀರಿ ಅನ್ನೋ ಗುರುತಿನ ಚೀಟಿ)? ಎರಡಕ್ಕೂ ಬಹಳ ವ್ಯತ್ಯಾಸ. ಹಕ್ಕುಪತ್ರ ಇದ್ದರೆ ಅದರ ಷರತ್ತು ಪೂರ್ತಿ ಓದದೆ ಮನೆ ಮಾರೋದಾಗಲಿ, ಬಾಡಿಗೆಗೆ ಕೊಡೋದಾಗಲಿ ಮಾಡಬೇಡಿ. ಕರೆಂಟ್ ಬಿಲ್, ರೇಷನ್ ಕಾರ್ಡ್ ಹಳೇದು ಒಂದೂ ಎಸೆಯಬೇಡಿ. ಸರ್ವೆಗೆ ಬಂದ ದಿನ ಬೀಗ ಹಾಕಿದ್ದ ಮನೆಯವರು ಆಮೇಲೆ ಅಲೆದದ್ದನ್ನ ನಾನು ಕಣ್ಣಾರೆ ಕಂಡಿದ್ದೇನೆ.

ಮೀನುಸಾರು:

ಅಡ್ರೆಸ್ ಬದಲಾಯಿಸಿದ್ರೆ ಕಾರ್ಡ್ ಸಿಗಬಹುದು. ಓನರ್‌ಗೆ ಹೇಳಿದ ಸುಳ್ಳನ್ನ ಮಾತ್ರ ದಿನಾ ಹೇಳ್ತಾ ಇರ್ಬೇಕು. ನಾನು ಆರು ವರ್ಷ ಮೀನು ತೊಳೆದ ನೀರನ್ನ ಕವರಲ್ಲಿ ಕಟ್ಕೊಂಡು ಕತ್ತಲಾದ ಮೇಲೆ ಮೋರಿಗೆ ಚೆಲ್ಲಿ ಬಂದಿದೀನಿ.

ಹಳಿ ಪಕ್ಕದವಳು:

ಅಣ್ಣ ಹೇಳಿದ ಹಾಗೆ ಬಸ್ಸಲ್ಲಿ ಹೋಗಿ ನೋಡಿದೆ, ಮೊದಲನೇ ಮನೆಗೆ ಮುಕ್ಕಾಲು ಗಂಟೆ ಲೇಟು. ಕಾಗದ ಹುಡುಕಿದ್ವಿ. ಇರೋದು ಪರಿಚಯ ಪತ್ರ, ಅದೂ ಅಪ್ಪನ ಹೆಸರಲ್ಲಿ. ಅಪ್ಪ ಹೋಗಿ ಏಳು ವರ್ಷ ಆಯ್ತು. ಮೊದಲು ಅದನ್ನ ಅಮ್ಮನ ಹೆಸರಿಗೆ ಮಾಡಿಸ್ಬೇಕು.

ಭಾನುವಾರ ಅಮ್ಮನ್ನೂ ಮನೆ ನೋಡೋಕೆ ಕರ್ಕೊಂಡು ಹೋಗಿದ್ದೆ. ನಲ್ಲಿ ತಿರುಗಿಸಿದ್ಲು, ಬಚ್ಚಲ ಬಾಗಿಲ ಚಿಲಕ ಎರಡು ಸಲ ಹಾಕಿ ತೆಗೆದ್ಲು. ಇಷ್ಟ ಆಗಿದೆ ಅಂತ ಗೊತ್ತಾಯ್ತು ನನಗೆ. ಆಮೇಲೆ ನಾನು ಬಾಯಿ ತೆಗೆಯೋಕೆ ಮುಂಚೆ ಓನರ್ ಹತ್ರ, 'ನಾವು ಶ್ರೀರಾಂಪುರ ಸ್ಲಮ್ಮಿನೋರು ಸ್ವಾಮಿ, ಬಾಡು ತಿಂತೀವಿ, ಆಗುತ್ತಾ?' ಅಂದ್ಬಿಟ್ಲು. ಫೋನ್ ಮಾಡ್ತೀನಿ ಅಂದ್ರು. ಇನ್ನೂ ಮಾಡಿಲ್ಲ.

ಸದ್ಯಕ್ಕೆ ಬಚ್ಚಲಿಗೆ ತಗಡಿನ ಬಾಗಿಲು ಹಾಕಿಸ್ತಿದೀನಿ. ಕ್ಯಾಬ್ ಡ್ರೈವರ್‌ಗೆ ನಿನ್ನೆ ಮಾರಮ್ಮನ ಗುಡಿ ತನಕ ಬಿಡೋಕೆ ಹೇಳಿದೆ. ರಿವರ್ಸ್ ತಗೊಳ್ಳೋಕೆ ಜಾಗ ಇಲ್ಲ ಅಂತ ಗೊಣಗಿದ, ಅಷ್ಟೇ.